ಸಾವಿನ ಮೇಲೆ ಕಥೆ ನಿಲ್ಲಿಸದವರು

ಕಳೆದ ಆಗಸ್ಟಿನಲ್ಲಿ ಸಮುದ್ರ ತೀರದಿಂದ ವಾಪಸಾಗುವಾಗ ಹೈವೇ ಬಿಟ್ಟು ಒಳರಸ್ತೆ ಹಿಡಿದಿದ್ದೆವು. ನಾರ್ತ್ ಕ್ಯಾರೊಲೈನಾದ ಆ ಭಾಗದಲ್ಲಿ ಊರೆಂದರೆ ಒಂದು ಚರ್ಚು, ಒಂದು ಗ್ಯಾಸ್ ಸ್ಟೇಷನ್ನು, ಮಿಕ್ಕಿದ್ದೆಲ್ಲ ಹೊಲ. ಎಲ್ಲೋ ಒಂದು ಕಡೆ ತಗಡಿನ ಶೆಡ್ಡಿನೊಳಗೆ ತಂಬಾಕಿನ ಎಲೆ ಒಣಗಿಸುತ್ತಿದ್ದರು. ಆ ವಾಸನೆ ಏಸಿ ಹಾಕಿದ್ದ ಕಾರಿನೊಳಗೂ ನುಗ್ಗಿ ಬಂತು. ಒಣಹುಲ್ಲಿನ ಹಾಗೆ, ಸ್ವಲ್ಪ ಬೆಲ್ಲ ಸೀದ ಹಾಗೆ... ನನ್ನ ಗಂಡ ಮುಖ ಸಿಂಡರಿಸಿಕೊಂಡು ವೆಂಟ್ ಮುಚ್ಚಲು ಕೈ ಹಾಕಿದ. ನಾನು ಕಿಟಕಿಯನ್ನೇ ಪೂರ್ತಿ ಇಳಿಸಿದೆ.

"ನಿಂಗೇನಾಯ್ತು?" ಅಂದ.

"ಡಾಕ್ಟರ್ ಆಂಟಿ," ಅಂದೆ. ಅವನು ಕಾರು ನಿಧಾನ ಮಾಡಿದ.

ನಾವಿರುವ ಫೋರ್ಟ್ ಮಿಲ್‌ನ ಕನ್ನಡದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ನಮ್ಮ ಹಿಂದಿನ ಬೀದಿಯಲ್ಲಿ ಅವರ ಮನೆ. ಶ್ವಾಸಕೋಶದ ಡಾಕ್ಟರು, ಷಾರ್ಲೆಟ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆಗಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ, ಅವನೂ ಡಾಕ್ಟರು, ಅಟ್ಲಾಂಟಾದಲ್ಲಿದ್ದ. ಅವರು ಹುಟ್ಟಿದ್ದು ನಿಪ್ಪಾಣಿಯಲ್ಲಿ, ತಂಬಾಕಿನ ವ್ಯಾಪಾರಿಗಳ ಮನೆಯಲ್ಲಿ. ತಮ್ಮ ತೊಟ್ಟಿಲು ಕಟ್ಟಿದ್ದೇ ತಂಬಾಕಿನ ವಖಾರಿಯ ಜಂತಿಗೆ ಎಂದು ಹೇಳಿಕೊಂಡು ನಗುತ್ತಿದ್ದರು. ತಂಬಾಕಿನ ಊರಲ್ಲಿ ಹುಟ್ಟಿ, ತಂಬಾಕಿನ ರಾಜ್ಯಕ್ಕೆ ಬಂದು, ಕಂಡಕಂಡವರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಸಿಗರೇಟ್ ಬಿಡಿ ಎಂದು ಜೀವಮಾನವಿಡೀ ಹೇಳಿದವರು. ತಾವು ಮಾತ್ರ ಬಿಟ್ಟಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ೨೦೧೧ರ ಯುಗಾದಿ ಊಟದ ದಿನ, ಹಾಲ್‌ನ ಒಳಗಲ್ಲ, ಪಾರ್ಕಿಂಗ್ ಲಾಟ್‌ನಲ್ಲಿ. ಇಳಕಲ್ ಸೀರೆ, ಕಾಲಿಗೆ ರನ್ನಿಂಗ್ ಶೂ, ಬೆರಳ ಸಂದಿಯಲ್ಲಿ ಸಿಗರೇಟು. ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿರದ ನಾನು ಕೋಸಂಬರಿಯ ಟ್ರೇ ಹಿಡಿದುಕೊಂಡು ಕಣ್ಣರಳಿಸಿ ನಿಂತುಬಿಟ್ಟೆ.

"ಏನ್ ಹಂಗ ನೋಡಾಕತ್ತಿ? ಡಾಕ್ಟರ್ ಆದಾಕಿ ಸೇದಬಾರ್ದಂತ ಯಾವ ಶಾಸ್ತ್ರದಾಗ ಬರದೈತಿ?"

"ಇಲ್ಲ ಆಂಟಿ, ಸುಮ್ನೆ..."

"ಹೊಸಾಕೇನ? ಡಿಪೆಂಡೆಂಟ್ ವೀಸಾ?" ಎಂದು ನನ್ನನ್ನು ಎಕ್ಸ್‌ರೇ ನೋಡುವ ಹಾಗೆ ನೋಡಿದರು. ತಲೆಯಾಡಿಸಿದೆ. "ಪುಸ್ತಕ ಓದ್ತೀಯೇನ?" ಎಂದರು. ಓದ್ತೀನಿ ಎಂದೆ. "ಹಂಗಾದ್ರ ಶನಿವಾರ ಬಾ. ಬದುಕ್ತಿ."

ಅವರು ತಮಾಷೆಗೆ ಹೇಳಿದ್ದು. ಆದರೆ ಅದು ನನಗೆ ಎಷ್ಟು ಬೇಕಾಗಿದ್ದ ಮಾತು ಎಂದು ಅವರಿಗೆ ಗೊತ್ತಿರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳು ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ, ಫುಟ್‌ಪಾತೇ ಇಲ್ಲದ ಊರು. ಗಂಡ ಬೆಳಿಗ್ಗೆ ಷಾರ್ಲೆಟ್‌ನ ಬ್ಯಾಂಕಿನ ಆಫೀಸಿಗೆ ಹೊರಟರೆ ಮನೆಯ ಫ್ರಿಜ್ಜು ಮತ್ತು ನಾನು ಮುಖ ಮುಖ ನೋಡಿಕೊಂಡು ಕೂರಬೇಕು. ಅಂಥ ದಿನಗಳಲ್ಲಿ ನನಗೆ ಎಲ್ಲವನ್ನೂ ಒದ್ದು ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಎಂದು ಮಾತ್ರ ಗೊತ್ತಿರಲಿಲ್ಲ.

ತಿಂಗಳಿಗೊಂದು ಶನಿವಾರದ ಆ ಕೂಟ ನಡೆಯುತ್ತಿದ್ದದ್ದು ಗಡಿಯಾಚೆ ಬ್ಯಾಲಂಟೈನ್‌ನ ಒಂದು ಬಡಾವಣೆಯ ಕ್ಲಬ್‌ಹೌಸಿನಲ್ಲಿ. ಗಡಿಯೆಂದರೆ ಎರಡು ರಾಜ್ಯಗಳ ಗಡಿ. ಸೌತ್ ಕ್ಯಾರೊಲೈನಾದಲ್ಲಿ ಮಲಗಿ ನಾರ್ತ್ ಕ್ಯಾರೊಲೈನಾದಲ್ಲಿ ದುಡಿಯುವ ನಮಗೆ ಅದು ಗಡಿ ಅಂತಲೂ ಅನ್ನಿಸುವುದಿಲ್ಲ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮಂದಿರು. ಮೊಮ್ಮಕ್ಕಳನ್ನು ನೋಡಿಕೊಂಡು, ಟೀವಿ ನೋಡಿಕೊಂಡು, ಕ್ಯಾಲೆಂಡರ್ ನೋಡಿಕೊಂಡು ದಿನ ತಳ್ಳುತ್ತಿದ್ದವರು. ಜೊತೆಗೆ ನನ್ನಂಥ ಕೆಲವು ಹೆಂಡತಿಯರು. ಡಾಕ್ಟರ್ ಆಂಟಿ ಒಂದು ಕುರ್ಚಿ ಎಳೆದುಕೊಂಡು ಕೂತು, ಆ ತಿಂಗಳು ತಾವು ಓದಿದ ಅಮೆರಿಕದ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ನಮ್ಮಲ್ಲಿ ಮನೆಯ ಪಡಸಾಲೆಯಲ್ಲಿ ಪುರಾಣ ಹೇಳುತ್ತಿದ್ದರಲ್ಲ, ಅದೇ ರೀತಿ.

ಅವರು ಆರಿಸುತ್ತಿದ್ದದ್ದು ಈಚಿನ ಕಾದಂಬರಿಗಳನ್ನು, ಅದರಲ್ಲೂ ಎದುರು ಬಿದ್ದವರ ಕಥೆಗಳನ್ನು. ಅಪ್ಪನ ಮೇಲೆ, ಊರಿನ ಮೇಲೆ, ಚರ್ಚಿನ ಮೇಲೆ, ಸಂಬಳದ ಮೇಲೆ ಸಿಟ್ಟಾಗಿ ಎದ್ದವರು, ಎದ್ದು ತಮ್ಮನ್ನೇ ಸುಟ್ಟುಕೊಂಡವರು. ಒಳ್ಳೆ ಕಥೆ ಯಾವುದೂ ಇಲ್ವಾ ಎಂದು ಒಬ್ಬರು ಅಜ್ಜ ಕೇಳಿದ್ದರು. "ಇವ ಒಳ್ಳೆವು. ಈ ದೇಶದಾಗ ಮಕ್ಕಳನ್ನ ಬಿಟ್ಟೀರಿ, ಈ ದೇಶದ ಮಂದಿ ಯಾತಕ್ಕ ಅಳ್ತಾರ ಗೊತ್ತಿರಬೇಕಲ್ಲ?" ಎಂದರು ಆಂಟಿ.

ಕೇಳುವವರೇನೂ ಕಮ್ಮಿ ಇರಲಿಲ್ಲ. ಮೋಟೆಲ್ ರೂಮಿನಲ್ಲಿ ಕುಡಿದು ಕುಡಿದು ಸಾಯುತ್ತಿರುವ ವಕೀಲನ ಕಥೆ ಬಂದಾಗ ತುಮಕೂರಿನ ಒಬ್ಬ ಅಜ್ಜಿ, "ಅಲ್ಲಾ, ಆ ಹುಡುಗಂಗೆ ಒಂದು ದಿನ ಯಾರೂ ಊಟಕ್ಕೆ ಕರೀಲಿಲ್ವೇ?" ಎಂದು ನಿಜವಾಗಿ ಸಂಕಟಪಟ್ಟರು. ಅವತ್ತು ಸಂಜೆ ಮಗನ ಮನೆಗೆ ಹೋದವರೇ, "ನೀನು ಕುಡಿತ ಗಿಡಿತ ಏನಾದ್ರೂ ಶುರು ಮಾಡಿದೀಯೇನೋ?" ಎಂದು ಅವನನ್ನು ಕೂರಿಸಿ ಕೇಳಿದರಂತೆ. ಮಗ ಹೌಹಾರಿ ಡಾಕ್ಟರ್ ಆಂಟಿಗೆ ಫೋನ್ ಮಾಡಿ, ದಯವಿಟ್ಟು ಅಮ್ಮನಿಗೆ ಇಂಥದ್ದೆಲ್ಲ ಹೇಳಬೇಡಿ ಎಂದ. ಮುಂದಿನ ತಿಂಗಳು ಆಂಟಿ ಅದಕ್ಕಿಂತ ಕಟುವಾದ ಕಥೆ ಎತ್ತಿಕೊಂಡರು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು.

ಆದರೆ ಆ ವಕೀಲನ ಕಥೆಯ ದಿನ ಒಂದು ವಿಷಯದಲ್ಲಿ ಅಜ್ಜಿ ಜಗ್ಗಲಿಲ್ಲ. ವಕೀಲ ಸತ್ತ, ಕಥೆ ಮುಗೀತು ಎಂದು ಆಂಟಿ ಏಳಲು ಹೋದರೆ ಅಜ್ಜಿ ಕೂತೇ ಇದ್ದರು. ಸಾವಿನ ಮೇಲೆ ಕಥೆ ನಿಲ್ಲಿಸಬಾರದು, ಅಲ್ಲಿಗೆ ಯಾರೂ ಎದ್ದು ಹೋಗಬಾರದು, ಮಹಾಭಾರತದ ಯುದ್ಧದಲ್ಲಿ ಯಾರಾದರೂ ಸತ್ತ ಭಾಗ ಓದಿದರೆ ನಮ್ಮಪ್ಪ ಇನ್ನೊಂದಿಷ್ಟು ಓದಿ, ಯಾರದೋ ಮದುವೆಯೋ ಹುಟ್ಟೋ ಬರುವತನಕ ಓದಿ, ಮಂಗಳ ಹಾಡಿಯೇ ಪುಸ್ತಕ ಮುಚ್ಚುತ್ತಿದ್ದದ್ದು ಎಂದರು. ಉಳಿದ ಹಿರಿಯರೂ ಹೌದು ಹೌದು ಎಂದು ಕುರ್ಚಿಗೆ ಅಂಟಿಕೊಂಡರು. ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಸತ್ತವನನ್ನು ಬದುಕಿಸಲಿಕ್ಕೆ ನಾನು ಸಿನಿಮಾದವಳಲ್ಲ ಎಂದರು. ಹಿರಿಯರು ಏಳಲಿಲ್ಲ. ಹೊರಗೆ ಮಕ್ಕಳು ಕಾರಿನಲ್ಲಿ ಹಾರ್ನ್ ಹೊಡೆಯುತ್ತಿದ್ದರು. ಕೊನೆಗೆ ಆಂಟಿ ಮತ್ತೆ ಕೂತು, ಆ ವಕೀಲ ತನ್ನ ದೊಡ್ಡ ಕಂಪನಿಯ ಮೀಟಿಂಗಿನಲ್ಲಿ ಟೇಬಲ್ ಹತ್ತಿ ನಿಂತು ಬಡವರ ಮನೆ ಕೆಡವುವ ಕೇಸನ್ನು ನಾನು ನಡೆಸುವುದಿಲ್ಲ ಎಂದು ಕೂಗಿದ ಪ್ರಸಂಗವನ್ನು ಇನ್ನೊಮ್ಮೆ, ಮೊದಲಿಗಿಂತ ಚೆನ್ನಾಗಿ ಹೇಳಿದರು. ಹೇಳಿ ಅಲ್ಲಿಗೇ ನಿಲ್ಲಿಸಿದರು. ಅಜ್ಜಿ ಕಣ್ಣಿಗೆ ಸೆರಗು ಒತ್ತಿಕೊಂಡು, "ಈಗ ಏಳ್ಬಹುದು," ಎಂದರು.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಸಾವನ್ನು ನಡುವೆ ಹೇಳುವುದು, ಏನೂ ಮುಚ್ಚಿಡದೆ ಹೇಳುವುದು. ಆಮೇಲೆ ಹಿಂದಕ್ಕೆ ಹೋಗಿ ಆ ಮನುಷ್ಯ ತಲೆಯೆತ್ತಿ ನಿಂತ ಗಳಿಗೆಯಲ್ಲಿ ಕಥೆ ನಿಲ್ಲಿಸುವುದು.

ಇದೇ ಪದ್ಧತಿ ನನ್ನ ಮರ್ಯಾದೆ ತೆಗೆದದ್ದೂ ಹೌದು. ಆಂಟಿಯ ಕಾಟ ತಡೆಯಲಾರದೆ ನಾನು ಷಾರ್ಲೆಟ್‌ನ ಕಾಲೇಜೊಂದರಲ್ಲಿ ಒಂದು ಕ್ಲಾಸಿಗೆ ಸೇರಿದ್ದೆ. ಇಂದಿನ ಅಮೆರಿಕನ್ ಕಾದಂಬರಿಯಲ್ಲಿ ಬಂಡಾಯ ಮತ್ತು ಆತ್ಮನಾಶ ಎನ್ನುವುದು ಅದರ ವಿಷಯ. ಅಲ್ಲಿ ಓದಬೇಕಾಗಿದ್ದ ಒಂದು ಪುಸ್ತಕ ನಮ್ಮ ಕ್ಯಾರೊಲೈನಾದ್ದೇ ಒಂದು ಹತ್ತಿಗಿರಣಿಯ ಊರಿನ ಹೆಂಗಸಿನ ಕಥೆ. ಅರ್ಧ ಓದಿದ್ದೆ, ಇಂಗ್ಲಿಷು ಕಬ್ಬಿಣದ ಕಡಲೆಯಾಗಿತ್ತು. ಅದೇ ಪುಸ್ತಕವನ್ನು ಆ ತಿಂಗಳು ಆಂಟಿಯೂ ಹೇಳುತ್ತಾರೆ ಎಂದು ತಿಳಿದು ನೆಮ್ಮದಿಯಾಯಿತು. ಆ ಶನಿವಾರ ಬೆಳಿಗ್ಗೆ ನನ್ನ ಡ್ರೈವಿಂಗ್ ಟೆಸ್ಟು. ಪಾಸಾಗಿ, ಲೈಸೆನ್ಸು ಹಿಡಿದು ಕುಣಿಯುತ್ತ ಕ್ಲಬ್‌ಹೌಸಿಗೆ ಬಂದಾಗ ಕಥೆ ಕೊನೆಯ ಭಾಗಕ್ಕೆ ಬಂದಿತ್ತು. ಮುಚ್ಚಿದ ಗಿರಣಿಯ ಬೀಗ ಒಡೆದು ಆ ಹೆಂಗಸು ಒಳಗೆ ನುಗ್ಗುತ್ತಾಳೆ, ಒಂದು ಮಗ್ಗ ಚಾಲೂ ಮಾಡುತ್ತಾಳೆ, ಸದ್ದು ಕೇಳಿ ಬೀದಿಯ ಹೆಂಗಸರೆಲ್ಲ ನೈಟ್‌ಗೌನಿನಲ್ಲೇ ಓಡಿಬಂದು ತಮ್ಮ ತಮ್ಮ ಮಗ್ಗದ ಮುಂದೆ ನಿಲ್ಲುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ಮನೆಗೆ ಹೋಗಿ ಉದ್ದಕ್ಕೆ ಬರೆದೆ: ಅಮೆರಿಕದ ಕಾದಂಬರಿಯಲ್ಲಿ ಬಂಡಾಯಗಾರರು ನಾಶವಾಗುವುದಿಲ್ಲ, ಗೆಲ್ಲುತ್ತಾರೆ, ಈ ಪುಸ್ತಕದ ಮುಕ್ತಾಯವೇ ಸಾಕ್ಷಿ!

ಆ ಹೆಂಗಸು ಆಮೇಲೆ ಬೆನ್ನುನೋವಿನ ಗುಳಿಗೆಯ ದಾಸಿಯಾಗಿ, ಕಾರನ್ನು ನದಿಗೆ ಇಳಿಸಿ ಸಾಯುತ್ತಾಳೆ. ಆಂಟಿ ಅದನ್ನು ನಾನು ಬರುವ ಮೊದಲೇ ಹೇಳಿ ಮುಗಿಸಿದ್ದರು. ಪ್ರೊಫೆಸರು ನನ್ನ ಪ್ರಬಂಧದ ಕೆಳಗೆ, ನಾವಿಬ್ಬರೂ ಓದಿದ್ದು ಒಂದೇ ಪುಸ್ತಕವೇ ಎಂದು ಕೆಂಪಿನಲ್ಲಿ ಬರೆದಿದ್ದ.

ನಾನು ಅಳು ಮತ್ತು ಸಿಟ್ಟು ಒಟ್ಟಿಗೆ ಹೊತ್ತುಕೊಂಡು ಆಂಟಿಯ ಮನೆಗೆ ನಡೆದೆ. ಅವರು ಹಿಂದಿನ ಡೆಕ್ಕಿನ ಮೇಲೆ ಸೇದುತ್ತ ಕೂತಿದ್ದರು. ಕಥೆ ಕೇಳಿ ನಗಲು ಶುರುಮಾಡಿದವರು ಕೆಮ್ಮು ಬಂದು ಕಣ್ಣಲ್ಲಿ ನೀರು ಬರುವತನಕ ನಕ್ಕರು. ನಗಬೇಡಿ ಆಂಟಿ, ನಿಮ್ಮಿಂದಲೇ ಆಗಿದ್ದು ಎಂದೆ. ಆಮೇಲೆ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಇಲ್ಲಿ ನೋಡು. ಈ ದೇಶದ ಬರಿಯೋರಿಗೆ ಬಂಡೆದ್ದವರಂದ್ರ ಭಾಳ ಪ್ರೀತಿ. ಪ್ರೀತಿ ಮಾಡಿ ಮಾಡಿ ಕೊನೀಗೆ ಕೊಂದ ಬಿಡ್ತಾರ. ನದಿಗೆ ದೂಡ್ತಾರ, ಗುಳಿಗಿ ನುಂಗಸ್ತಾರ. ಓದೋರಿಗೂ ಅದ ಬೇಕು. ಪಾಪ ಅಂತ ಪುಸ್ತಕ ಮುಚ್ಚಿ ಲಾನ್ ಮೋವ್ ಮಾಡಾಕ ಹೋಗ್ತಾರ. ಬಂಡೆದ್ದಾಕಿ ಮರುದಿನಾನೂ ಎದ್ದು ರೊಟ್ಟಿ ಬಡದ್ಲು ಅಂತ ಬರಿಯಾಕ ಭಾಳ ಧೈರ್ಯ ಬೇಕು."

"ಹಂಗಂತ ನೀವು ಕೊನೆ ಬದಲಾಯಿಸಬಹುದಾ?"

"ಎಲ್ಲಿ ಬದಲಾಯಿಸೇನಿ? ನದಿ ಹೇಳೇನಿ, ನೀ ಬಂದಿರಲಿಲ್ಲ. ಎಲ್ಲಿ ನಿಂದರಬೇಕು ಅನ್ನೋದು ಹೇಳಾಕಿ ಕೈಯಾಗೈತಿ. ಹೋಗು, ಇದನ್ನ ನಿಮ್ಮ ಮಾಸ್ತರಗ ಹೇಳು."

ಹೋದೆ. ಅಲ್ಲಿಯವರೆಗೆ ಯಾವ ಮೇಷ್ಟರಿಗೂ ಎದುರು ಮಾತಾಡಿದವಳಲ್ಲ ನಾನು. ಆ ಪ್ರೊಫೆಸರ ಆಫೀಸಿನಲ್ಲಿ ನಿಂತು, ಪುಸ್ತಕ ಪೂರ್ತಿ ಓದಿರಲಿಲ್ಲ ನಿಜ, ಈಗ ಓದಿದ್ದೇನೆ, ಆದರೆ ಕೊನೆಯ ಪುಟಕ್ಕೆ ಉಳಿದ ಪುಟಗಳಿಗಿಂತ ತೂಕ ಜಾಸ್ತಿ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ಅದನ್ನೇ ಬರೆದು ತಾ ಎಂದ. ಬರೆದೆ. ಬಿ ಮೈನಸ್ ಬಂತು. ಆಂಟಿ ಆ ಬಿ ಮೈನಸ್ಸಿಗೆ ಗೋಧಿ ಹುಗ್ಗಿ ಮಾಡಿದ್ದರು.

ಅವತ್ತಿನಿಂದ ನಾನು ಅವರ ಜೊತೆಗಾತಿಯಾದೆ. ಲೈಬ್ರರಿಗೆ, ಕಾಸ್ಟ್ಕೋ ಅಂಗಡಿಗೆ ಮತ್ತು ಶನಿವಾರದ ಕ್ಲಬ್‌ಹೌಸಿಗೆ ಇಬ್ಬರೂ ಒಂದೇ ಕಾರಿನಲ್ಲಿ. ದಾರಿಯುದ್ದಕ್ಕೂ ಜಗಳ. ಅವರ ಸಿಗರೇಟಿನ ವಿಷಯಕ್ಕೂ ಜಗಳವಾಡಿದ್ದೇನೆ. ನಿಮ್ಮ ಕಾದಂಬರಿಯವರಿಗೂ ನಿಮಗೂ ಏನು ವ್ಯತ್ಯಾಸ ಎಂದರೆ, ಅವರು ಬರೀ ನಗುತ್ತಿದ್ದರು. ಹೆಂಗಸಾಗಿ, ಡಾಕ್ಟರಾಗಿ, ಸೀರೆ ಉಟ್ಟುಕೊಂಡು ಎಲ್ಲರೆದುರು ಸೇದುವುದು ಒಂದು ದೊಡ್ಡ ದಂಗೆ ಎಂದು ಅವರು ನಂಬಿದ್ದರು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

೨೦೧೩ರ ಚಳಿಗಾಲದ ಹೊತ್ತಿಗೆ ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಮೇಲೆ ಮೂಗಿಗೆ ನಳಿಕೆ ಬಂತು, ಮನೆಯ ಮೂಲೆಯಲ್ಲಿ ಸದಾ ಗುಂಯ್‌ಗುಡುವ ಆಕ್ಸಿಜನ್ ಮೆಷೀನು ಬಂತು. ಸಿಗರೇಟು ನಿಂತಿತು. ಎಷ್ಟೋ ಜನರ ಎದೆಯ ಫೋಟೋ ನೋಡಿದವರಿಗೆ ತಮ್ಮದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಮಗ ಅಟ್ಲಾಂಟಾದಿಂದ ಬಂದ, ಅವರ ಕಾರಿನ ಕೀ ತೆಗೆದಿಟ್ಟುಕೊಂಡ, ಮನೆಯಲ್ಲಿರಲು ಒಬ್ಬ ನರ್ಸಮ್ಮನನ್ನು ಗೊತ್ತು ಮಾಡಿದ. ಹೊರಡುವಾಗ ನನ್ನನ್ನು ಡ್ರೈವ್‌ವೇಗೆ ಕರೆದ.

"ಅಮ್ಮ ಇನ್ನು ಎಲ್ಲೂ ಹೋಗಲ್ಲ. ಇದು ಫ್ಲೂ ಸೀಸನ್. ಒಂದು ಇನ್ಫೆಕ್ಷನ್ ಬಂದ್ರೆ ಮುಗೀತು, ಯು ನೋ? ಆ ಸ್ಟೋರಿ ಟೈಮ್ ಎಲ್ಲಾ... ಪ್ಲೀಸ್, ಎನ್‌ಕರೇಜ್ ಮಾಡ್ಬೇಡಿ. ಶೀ ಈಸ್ ಕಿಲ್ಲಿಂಗ್ ಹರ್ಸೆಲ್ಫ್."

ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡವನ್ನು ಒಂದೊಂದಾಗಿ ಆರಿಸಿ ಜೋಡಿಸಿ ಆಡಿದ ಮಾತು ಅದು. ಅವನ ಕಣ್ಣು ಕೆಂಪಾಗಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಎರಡು ತಿಂಗಳು ಕೂಟ ನಡೆಯಲಿಲ್ಲ. ನಾನು ದಿನಾ ಹೋಗಿ ಕೂರುತ್ತಿದ್ದೆ. ಆಂಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಯಾವಾಗಲೂ ಜಗಳಕ್ಕೆ ನಿಲ್ಲುತ್ತಿದ್ದ ಹೆಂಗಸು ಹೂಂ, ಹಾಂ ಎನ್ನುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಫೆಬ್ರವರಿಯ ಒಂದು ದಿನ ಅವರೇ ಬಾಯಿಬಿಟ್ಟರು. ಒಂದು ಕಾದಂಬರಿ ಓದಿ ಮುಗಿಸಿದ್ದೇನೆ, ಅದನ್ನು ಹೇಳಬೇಕು ಎಂದರು. ನನಗೆ ಹೇಳಿ ಎಂದೆ. "ನಿನಗೊಬ್ಬಾಕಿಗೆ ಹೇಳಿದ್ರ ಅದು ಹರಟಿ ಆಕ್ಕೈತಿ. ನನಗ ಮಂದಿ ಬೇಕು," ಎಂದರು.

"ಆಂಟಿ, ನಿಮ್ಮ ಮಗ..."

"ಅವ ಹೇಳೂದು ಖರೆ ಐತಿ. ಡಾಕ್ಟರ್ ಆಗಿ ನಾನೂ ಅದನ್ನ ಹೇಳ್ತಿದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೀ ಒಮ್ಮೆ ಕೇಳಿದ್ದಿಯಲ್ಲ, ನನಗೂ ಆ ಕಾದಂಬರಿ ಮಂದೀಗೂ ಏನ ಫರಕು ಅಂತ. ಈಗ ಹೇಳ್ತೀನಿ ಕೇಳು. ಸಿಗರೇಟು ಬಂಡಾಯ ಅಲ್ಲವ್ವಾ. ಅದು ಚಟ. ಅದಕ್ಕ ಬಂಡಾಯ ಅಂತ ಹೆಸರಿಟ್ಟು ಇಷ್ಟು ವರ್ಷ ನನಗ ನಾನ ಮೋಸ ಮಾಡ್ಕೊಂಡೆ. ಅದರಿಂದ ಸಾಯಾಕತ್ತೀನಿ, ಸಾಯ್ತೀನಿ. ಆದ್ರ ಕ್ಲಬ್‌ಹೌಸಿಗೆ ಹೋಗೂದು... ಅದು ಬ್ಯಾರೆ. ಇವೆರಡನ್ನೂ ಒಂದ ಅನ್ನಬ್ಯಾಡ್ರಿ. ಅವಗೂ ಹೇಳು."

ಹೆದರಿಕೆ ಇಲ್ವಾ ಎಂದೆ. ಐತಿ ಎಂದರು. ಭಾಳ ಐತಿ ಎಂದು ನನ್ನ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು.

ನಾನು ಮಗನಿಗೆ ಫೋನ್ ಮಾಡಿ ಹೇಳಿಯೇ ಕರೆದುಕೊಂಡು ಹೋದೆ. ಕದ್ದು ಕರೆದುಕೊಂಡು ಹೋದೆ ಎಂದು ಆಮೇಲೆ ಊರು ಆಡಿಕೊಂಡಿತು, ಅದು ಸುಳ್ಳು. ಅವನು ಫೋನಿನಲ್ಲಿ ಕಿರುಚಿದ, ಆಮೇಲೆ ಬೇಡಿಕೊಂಡ. ನಾನು ಫೋನನ್ನು ಆಂಟಿಯ ಕೈಗೆ ಕೊಟ್ಟೆ. "ಮಗಾ, ನಾ ನಿನ್ನ ಪೇಷಂಟ್ ಅಲ್ಲ, ನಿಮ್ಮವ್ವ," ಎಂದಷ್ಟೇ ಹೇಳಿ ಅವರು ಸೀರೆಯ ನೆರಿಗೆ ಸರಿಮಾಡಿಕೊಂಡರು. ಇಳಕಲ್ ಸೀರೆ, ರನ್ನಿಂಗ್ ಶೂ, ಹೆಗಲಿಗೆ ತೂಗುವ ಸಣ್ಣ ಆಕ್ಸಿಜನ್ ಚೀಲ. ಕಾರಿನವರೆಗೆ ನಡೆಯುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ನರ್ಸಮ್ಮ ತಲೆ ಚಚ್ಚಿಕೊಳ್ಳುತ್ತ ಹಿಂದಿನ ಸೀಟಿನಲ್ಲಿ ಬಂದು ಕೂತಳು.

ಕ್ಲಬ್‌ಹೌಸು ತುಂಬಿತ್ತು. ತುಮಕೂರಿನ ಅಜ್ಜಿ ಎರಡನೇ ಸಲ ಅಮೆರಿಕಕ್ಕೆ ಬಂದವರು ಮುಂದಿನ ಸಾಲಿನಲ್ಲೇ ಇದ್ದರು. ಆಂಟಿ ಹೇಳಿದ್ದು ಯುದ್ಧದಿಂದ ವಾಪಸಾದ ಒಬ್ಬ ಪೇಂಟರ್ ಹುಡುಗನ ಕಥೆ. ಅವನು ಊರಲ್ಲಿ ಎಲ್ಲರ ಜೊತೆಗೂ ಜಗಳ ತೆಗೆಯುತ್ತಾನೆ. ಕಾಯಿಲೆಯ ತಾಯಿಗೆ ಹಳದಿ ಬಣ್ಣ ಇಷ್ಟ ಎಂದು, ಬಡಾವಣೆಯ ಕಟ್ಟಳೆ ಕಾಯುವ ಸಂಘ ಹೆಚ್‌ಓಎ ಬೇಡವೆಂದರೂ ಮನೆಗೆಲ್ಲ ಢಾಳಾದ ಹಳದಿ ಬಳಿಯುತ್ತಾನೆ. ಇದು ಬಂದಾಗ ಹಿರಿಯರೆಲ್ಲ ಎದ್ದು ಕೂತರು. ಡೆಕ್ಕಿನ ಮೇಲೆ ಬಟ್ಟೆ ಒಣಹಾಕಿದ್ದಕ್ಕೆ, ಸಂಡಿಗೆ ಒಣಗಿಸಿದ್ದಕ್ಕೆ ಹೆಚ್‌ಓಎಯವರಿಂದ ಮಕ್ಕಳು ಬೈಸಿಕೊಂಡದ್ದು ಅವರಿಗೆ ಮರೆತಿರಲಿಲ್ಲ. "ಸರಿಯಾಗೇ ಮಾಡ್ದ ಬಿಡಿ!" ಎಂದು ತುಮಕೂರಿನ ಅಜ್ಜಿ ತೊಡೆ ತಟ್ಟಿದರು. ಆಂಟಿಯ ಮುಖ ಅರಳಿತು. ಎಷ್ಟು ದಿನದ ಮೇಲೆ ಆ ಮುಖ ನೋಡಿದ್ದೆ ನಾನು.

ಕಥೆ ಮುಂದೆ ಹೋಯಿತು, ಉಸಿರು ಕಮ್ಮಿಯಾಗುತ್ತ ಬಂತು. ವಾಕ್ಯದ ನಡುವೆ ನಿಲ್ಲುತ್ತಿದ್ದರು, ಯಾರೂ ಕೆಮ್ಮುತ್ತಲೂ ಇರಲಿಲ್ಲ. ತಾಯಿ ಸತ್ತ ಮೇಲೆ ಹುಡುಗ ಕುಡಿತಕ್ಕೆ ಬೀಳುತ್ತಾನೆ. ಹಿಮ ಬಿದ್ದ ದಿನ ತನ್ನ ಟ್ರಕ್ಕಿನಲ್ಲಿ ಬಾಟಲಿ ಹಿಡಿದು ಮಲಗಿದವನು ಮತ್ತೆ ಏಳುವುದಿಲ್ಲ. "ಬೆಳಿಗ್ಗೆ... ಪೋಲೀಸ್ನವ... ಬಾಗಿಲಾ ತೆಗೆದ್ರ..." ಎಂದರು ಆಂಟಿ. ಮುಂದಿನ ಮಾತು ಬರಲಿಲ್ಲ. ನರ್ಸಮ್ಮ ಓಡಿ ಹೋಗಿ ನಳಿಕೆಯ ಗಾಳಿ ಹೆಚ್ಚಿಸಿದಳು, ಸಾಕು, ಹೊರಡೋಣ ಎಂದಳು. ಆಂಟಿ ತಲೆ ಅಲ್ಲಾಡಿಸಿದರು. ಬಾಯಿ ತೆರೆದರು, ಗಾಳಿ ಮಾತ್ರ ಬಂತು. ಅವರ ಕಣ್ಣಲ್ಲಿ ಆಗ ಇದ್ದದ್ದು ನೋವಲ್ಲ, ಅವಮಾನ. ಸಾವಿನ ಮೇಲೆ ಕಥೆ ನಿಂತುಬಿಟ್ಟಿತ್ತು.

ಯಾರೂ ಏಳಲಿಲ್ಲ.

ಆಮೇಲೆ ತುಮಕೂರಿನ ಅಜ್ಜಿ ಕುರ್ಚಿಯನ್ನು ಆಂಟಿಯ ಪಕ್ಕಕ್ಕೆ ಎಳೆದುಕೊಂಡು, ಎಲ್ಲರ ಕಡೆ ತಿರುಗಿ ಕೂತರು. "ಆ ಹುಡುಗ ಪೇಂಟ್ ಡಬ್ಬ ತಂದು ಅವರಮ್ಮನ ಮುಂದೆ ಇಟ್ಟ. ಯಾವ ಹಳದಿ ಬೇಕು ನೋಡಮ್ಮ ಅಂದ. ಅವಳು ಏನಂದ್ಲು ಹೇಳಿ?" ಎಂದರು. ಹಿಂದಿನಿಂದ ಒಬ್ಬರು ಅಜ್ಜ, "ಮೊಟ್ಟೆ ಒಳಗಿನ ಹಳದಿ ಅಂದ್ಲು," ಎಂದರು. "ಅಲ್ಲ, ಸ್ಕೂಲ್ ಬಸ್ಸಿನ ಹಳದಿ," ಎಂದಳು ನನ್ನ ಪಕ್ಕದ ಹೆಂಗಸು. ಆಂಟಿ ಅವಳತ್ತ ಬೆರಳು ತೋರಿಸಿ ತಲೆಯಾಡಿಸಿದರು. ಅಲ್ಲಿಂದ ಕಥೆ ಕೇಳುವವರ ಬಾಯಿಗೆ ಬಂತು. ತಾಯಿ ಮೊದಲ ಬ್ರಷ್ ತಾನೇ ಎಳೆದದ್ದು, ಕೈ ನಡುಗಿ ಗೆರೆ ಡೊಂಕಾದದ್ದು, ಹುಡುಗ ಆ ಡೊಂಕನ್ನು ಹಾಗೇ ಬಿಟ್ಟದ್ದು... ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದಿದರು. ಪುಸ್ತಕದಲ್ಲಿ ಇಲ್ಲದ ಒಂದೆರಡು ಮಾತೂ ಸೇರಿರಬೇಕು, ಆ ಅಮ್ಮ ಮಗನಿಗೆ ಉಪ್ಪಿಟ್ಟು ಮಾಡಿಕೊಟ್ಟಳು ಎಂದು ಯಾರೋ ಸೇರಿಸಿದ್ದು ಕೇಳಿಸಿತು. ಹೆಚ್‌ಓಎಯವನು ಬಂದು ಮನೆಯ ಮುಂದೆ ನಿಂತಾಗ ತಾಯಿ ಮಗ ಇಬ್ಬರೂ ಹಳದಿ ಕೈ ಎತ್ತಿ ಹಲೋ ಎಂದರು ಎನ್ನುವಲ್ಲಿಗೆ ಅಜ್ಜಿ ನಿಲ್ಲಿಸಿದರು. ಆಂಟಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ವಾಪಸ್ ಕಾರಿನಲ್ಲಿ ಆಂಟಿ ಸೀಟಿಗೆ ತಲೆಯಾನಿಸಿಕೊಂಡರು. ನಮ್ಮ ಬೀದಿ ತಿರುಗುವಾಗ, "ಉಪ್ಪಿಟ್ಟಂತ... ಹುಚ್ಚ ಮಂದಿ," ಎಂದರು. ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

ವಾರದೊಳಗೆ ಜ್ವರ ಬಂತು. ನ್ಯೂಮೋನಿಯಾ ಎಂದರು. ಕ್ಲಬ್‌ಹೌಸಿನಲ್ಲಿ ಹತ್ತಿತೋ, ನರ್ಸಮ್ಮನಿಂದ ಬಂತೋ, ನನ್ನಿಂದಲೇ ಬಂತೋ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಮಗ ಅವರ ಹತ್ತಿರವೇ ಇದ್ದ. ಯುಗಾದಿಗೆ ಇನ್ನೂ ದಿನಗಳಿರುವಾಗ ಅವರು ಹೋದರು.

ಶ್ರದ್ಧಾಂಜಲಿಯ ದಿನ ಹಾಲ್‌ನಲ್ಲಿ ಪ್ಲೇಟು ಹಿಡಿದು ನಿಂತವರೆಲ್ಲ ಒಂದೇ ರಾಗ. ಡಾಕ್ಟರಾಗಿ ಗೊತ್ತಿದ್ದೂ ಸೇದಿದರಲ್ಲ, ಅಂಥ ಸ್ಥಿತಿಯಲ್ಲಿ ತಿರುಗಾಡಿದರಲ್ಲ, ತಾವೇ ಮಾಡಿಕೊಂಡದ್ದು ಎಂದರು. ಸಕ್ಕರೆ ಕಾಯಿಲೆಯವರೊಬ್ಬರು ಇದನ್ನು ಎರಡನೇ ಜಾಮೂನು ಬಾಯಿಗೆ ಹಾಕಿಕೊಳ್ಳುತ್ತ ಹೇಳಿದರು. ಮೈಯೆಲ್ಲ ಉರಿಯಿತು ನನಗೆ. ಒಂದು ಇಡೀ ಜೀವವನ್ನು ಮಕ್ಕಳಿಗೆ ಹೇಳುವ ನೀತಿಪಾಠ ಮಾಡಿ ಮುಗಿಸಲು ಎಷ್ಟು ಅವಸರ ಈ ಜನಕ್ಕೆ! 

ಮಗ ಬಂದು ನನ್ನೆದುರು ನಿಂತ. ಬೈಯಲಿಲ್ಲ. "ನೀವು ಕರ್ಕೊಂಡು ಹೋಗದೇ ಇದ್ದಿದ್ರೆ ಅಮ್ಮ ಇರ್ತಿದ್ರು," ಎಂದ.

"ಇರ್ತಿದ್ರು," ಎಂದೆ.

ಅವನು ಇನ್ನೇನಕ್ಕೋ ಕಾದ. ಸಾರಿ ಎನ್ನುವ ಮಾತಿಗೆ ಕಾದಿರಬೇಕು. ಅದು ನನ್ನ ಬಾಯಿಂದ ಬರಲಿಲ್ಲ. ಸಿಗರೇಟು ಬೇರೆ, ಕ್ಲಬ್‌ಹೌಸು ಬೇರೆ ಎಂದು ಅವರು ಅಂದದ್ದನ್ನು ಅವನಿಗೆ ಹೇಳಬೇಕಿತ್ತು, ಹೇಳಲು ಬಾಯಿ ತೆರೆದೆ, ಅವನು ಹೋಗಿಬಿಟ್ಟಿದ್ದ. ಆಮೇಲೆ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಹಿರಿಯರ ವೀಸಾ ಮುಗಿಯಿತು, ಒಬ್ಬೊಬ್ಬರೇ ಊರಿಗೆ ಹೋದರು. ಕ್ಲಬ್‌ಹೌಸಿನಲ್ಲಿ ಈಗ ಶನಿವಾರ ಮಕ್ಕಳ ಬರ್ತ್‌ಡೇ ಪಾರ್ಟಿ ನಡೆಯುತ್ತದೆ. ನಾನು ಒಂದೆರಡು ಸಲ ಕಥೆ ಹೇಳಲು ಹೋಗಿದ್ದೆ. ಜನ ಮರ್ಯಾದೆಗೆ ಕೂತು ಕೇಳಿದರು. ನನ್ನ ಗಂಟಲಿಗೆ ಆ ಶಕ್ತಿ ಇಲ್ಲ, ಬಿಟ್ಟುಬಿಟ್ಟೆ.

ಆಗಸ್ಟಿನ ಆ ದಿನ ನಾನು ಕಾರಿನ ಕಿಟಕಿ ಏರಿಸಿದ ಮೇಲೆ ನನ್ನ ಗಂಡ ನನ್ನತ್ತ ತಿರುಗಿದ. ಅವನು ಈ ವಿಷಯ ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

"ಒಂದ್ ಮಾತ್ ಕೇಳ್ಲಾ? ಅವತ್ತು ಅವರ್ನ ಕರ್ಕೊಂಡು ಹೋಗಿದ್ದಕ್ಕೆ ನಿಂಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ವಾ?"

"ಇಲ್ಲ," ಎಂದೆ. "ಈಗ ಕರೆದ್ರೂ ಕರ್ಕೊಂಡು ಹೋಗ್ತೀನಿ."

ಜೋರಾಗಿಯೇ ಹೇಳಿದೆ, ಎದುರಿಗೆ ಇಡೀ ಫೋರ್ಟ್ ಮಿಲ್ ನಿಂತು ಕೇಳುತ್ತಿರುವ ಹಾಗೆ. ಆಮೇಲೆ, ಕರೆಯುವವರು ಇಲ್ಲವಲ್ಲ ಎನ್ನುವುದು ನೆನಪಾಗಿ, ಷಾರ್ಲೆಟ್ ಬರುವವರೆಗೂ ಅತ್ತೆ.